ಸೊಪ್ಪು ಮೊದಲಾ, ಕೊನೆಗಾ? ನಾಲ್ಕು ಬಾಣಲೆಗಳಲ್ಲಿ ಮಾಡಿ ನೋಡಿದ್ದು

ಅಷ್ಟೇ ಕೊತ್ತಂಬರಿ ಸೊಪ್ಪು ಹಾಕಿದರೂ ಒಂದು ದಿನ ಪಲ್ಯ ಘಮ್ ಅನ್ನುತ್ತದೆ, ಇನ್ನೊಂದು ದಿನ ಸೊಪ್ಪು ಹಾಕಿದ್ದೇ ಗೊತ್ತಾಗುವುದಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿತ್ತು. ಸೊಪ್ಪು ಕಡಿಮೆ ಆಯಿತೇನೋ ಅಂತ ಜಾಸ್ತಿ ಹಾಕಿದೆ. ಹಳೆಯದಾಯಿತೇನೋ ಅಂತ ತಾಜಾ ತಂದೆ. ಎರಡರಿಂದಲೂ ಅಷ್ಟೇನೂ ಬದಲಾಗಲಿಲ್ಲ.

ಅಮ್ಮ ಮೊದಲಿಂದಲೂ ಸೊಪ್ಪನ್ನು ಬಿಸಿ ಎಣ್ಣೆಗೇ ಹಾಕುವವಳು. ನಾನು ಒಲೆ ಆರಿಸಿದ ಮೇಲೆ ಉದುರಿಸುವವಳು. ನಮ್ಮಿಬ್ಬರಲ್ಲಿ ಯಾರದು ಸರಿ ಅಂತ ಪಕ್ಕಪಕ್ಕ ಇಟ್ಟು ನೋಡಿಯೇ ಬಿಡೋಣ ಅಂತ ಒಂದು ಭಾನುವಾರ ಶುರು ಮಾಡಿದೆವು.

ಮೊದಲಿಗೆ ಆಲೂಗಡ್ಡೆ. ಅದಕ್ಕೆ ತನ್ನದೇ ಆದ ಗಟ್ಟಿ ರುಚಿ ಇಲ್ಲ, ಹಾಗಾಗಿ ಸೊಪ್ಪಿನ ಕೆಲಸ ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ಬಾಣಲೆಗೂ 300 ಗ್ರಾಂ ಆಲೂಗಡ್ಡೆ, ಒಂದೇ ಅಳತೆಯ ಹೋಳು, ಒಂದು ದೊಡ್ಡ ಚಮಚ ಎಣ್ಣೆ, ಅರ್ಧ ಟೀ ಚಮಚ ಉಪ್ಪು, 20 ಗ್ರಾಂ ಕೊತ್ತಂಬರಿ ಸೊಪ್ಪು. ಈರುಳ್ಳಿ ಇಲ್ಲ, ಖಾರ ಇಲ್ಲ, ಮಸಾಲೆ ಇಲ್ಲ. ನಾನು ಬೇಯಿಸುವುದು, ಅಮ್ಮ ಕಣ್ಣು ಮುಚ್ಚಿಕೊಂಡು ತಿಂದು ಹೇಳುವುದು.

ಮೊದಲನೆಯದು ಅಮ್ಮನ ರೀತಿ. ಎಣ್ಣೆ ಕಾದ ಕೂಡಲೇ ಹೆಚ್ಚಿದ ಸೊಪ್ಪು, ಆಮೇಲೆ ಆಲೂಗಡ್ಡೆ. ಸೊಪ್ಪು ಎಣ್ಣೆಗೆ ಬಿದ್ದ ಕ್ಷಣ ಅಡುಗೆಮನೆ ತುಂಬಾ ಘಮ. ಆದರೆ ಹಾಗೆ ಮನೆ ತುಂಬಾ ಹರಡಿದ ವಾಸನೆ ಬಾಣಲೆಯಿಂದ ಆಚೆ ಹೋಗಿಬಿಟ್ಟ ವಾಸನೆ. ತಟ್ಟೆಗೆ ಅದು ಬರುವುದಿಲ್ಲ. ಕೊತ್ತಂಬರಿ ಎಲೆಯ ಪರಿಮಳ ಬಿಸಿಗೆ ಬಹಳ ಬೇಗ ಹಾರಿಹೋಗುವಂಥದ್ದು. ಆಲೂಗಡ್ಡೆ ಬೇಯುವ ಹೊತ್ತಿಗೆ ಎಲೆಗಳು ಕಪ್ಪಾಗಿ, ಕೆಲವು ಕಹಿಯೂ ಆಗಿದ್ದವು. ಅಮ್ಮ ಎರಡು ತುತ್ತು ತಿಂದು, "ಇದರಲ್ಲಿ ಸೊಪ್ಪು ಹಾಕಿದ್ದೀಯಾ?" ಅಂದಳು. ಅದು ತನ್ನದೇ ರೀತಿ ಅಂತ ಆಗ ಅವಳಿಗೆ ಗೊತ್ತಿರಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಹೋಳಿನ ಒಳಗೆ ಏನೋ ಒಂದು ಮೆತ್ತನೆಯ, ಹಿನ್ನೆಲೆಯಲ್ಲಿ ನಿಂತ ರುಚಿ ಇತ್ತು. ಅದು ಉಳಿದ ಮೂರರಲ್ಲೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎರಡನೆಯದು, ಅರ್ಧ ಬೆಂದಾಗ ಸೊಪ್ಪು ಹಾಕಿ ಮುಚ್ಚಳ ಮುಚ್ಚುವುದು. ನಾಲ್ಕರಲ್ಲಿ ಸೋತಿದ್ದು ಇದೇ. ಎಲೆ ಮೆತ್ತಗಾಗಿ, ಬಣ್ಣ ಮಾಸಿ, ಬೇಯಿಸಿದ ಹುಲ್ಲಿನ ರುಚಿ. ತರಕಾರಿ ಬೇಯುವಾಗ ಅದರಿಂದ ಹುಳಿ ಅಂಶ ಬಿಡುತ್ತದೆ. ಮುಚ್ಚಳ ಇದ್ದರೆ ಅದು ಹಬೆಯ ಜೊತೆ ಹೊರಗೆ ಹೋಗದೆ ಅಲ್ಲೇ ಉಳಿದು ಹಸಿರು ಬಣ್ಣವನ್ನು ಕೆಡಿಸುತ್ತದೆ. ಇದನ್ನು ಮತ್ತೆ ಮಾಡಲಿಲ್ಲ.

ಮೂರನೆಯದು ನನ್ನ ರೀತಿ, ಒಲೆ ಆರಿಸಿದ ಮೇಲೆ ಹಸಿಯಾಗಿ ಉದುರಿಸುವುದು. ತಟ್ಟೆ ಮೂಗಿನ ಹತ್ತಿರ ಬಂದ ಕೂಡಲೇ ಪರಿಮಳ. ಗೆದ್ದೆ ಅಂದುಕೊಂಡೆ. ಆದರೆ ಅಮ್ಮ ನಿಧಾನವಾಗಿ ಅಗಿದು, "ಸೊಪ್ಪು ಬೇರೆ, ಆಲೂಗಡ್ಡೆ ಬೇರೆ ತಿಂದ ಹಾಗಿದೆ" ಅಂದಳು. ನಾನೂ ತಿಂದು ನೋಡಿದೆ. ನಿಜ. ಎಲೆ ಸಿಕ್ಕ ತುತ್ತು ಜೋರು, ಎಲೆ ಸಿಗದ ತುತ್ತು ಸಪ್ಪೆ. ಇಷ್ಟು ವರ್ಷ ನನಗೆ ಇದು ಗೊತ್ತಾಗಿರಲಿಲ್ಲ. ಘಮ ಚೆನ್ನಾಗಿದೆ ಅಂದರೆ ರುಚಿಯೂ ಚೆನ್ನಾಗಿದೆ ಅಂತಲೇ ಅಂದುಕೊಂಡಿದ್ದೆ.

ನಾಲ್ಕನೆಯದು ಜಜ್ಜಿ ಕಲಸುವುದು. 20 ಗ್ರಾಂ ಸೊಪ್ಪು ದಂಟಿನ ಸಮೇತ, ಒಂದು ಎಸಳು ಬೆಳ್ಳುಳ್ಳಿ, ಅಳತೆಯ ಉಪ್ಪಿನಲ್ಲೇ ಒಂದು ಚಿಟಿಕೆ. ಇದನ್ನು ಕುಟ್ಟಾಣಿಯಲ್ಲಿ ಜಜ್ಜಿ, ಅದೇ ಒಂದು ಚಮಚ ಎಣ್ಣೆಯಲ್ಲಿ ಅರ್ಧವನ್ನು ಇದಕ್ಕೆ ಉಳಿಸಿಕೊಂಡು ಕಲಸಿದೆ. ಬೆಂದ ಆಲೂಗಡ್ಡೆ ಇನ್ನೂ ಬಿಸಿ ಇರುವಾಗಲೇ ಇದನ್ನು ಹಾಕಿ ಎರಡು ಸಲ ಮಗುಚಿದೆ. ಇಲ್ಲಿ ಆಟವೇ ಬದಲಾಯಿತು. ಸೊಪ್ಪಿನ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಆ ಎಣ್ಣೆ ಪ್ರತಿ ಹೋಳಿಗೂ ಅಂಟಿಕೊಂಡಿತ್ತು. ಎಲ್ಲ ತುತ್ತಿನಲ್ಲೂ ಒಂದೇ ರುಚಿ. ಅಮ್ಮ ಕಣ್ಣು ಬಿಟ್ಟು ಇನ್ನೊಂದು ಸೌಟು ಬಡಿಸಿಕೊಂಡಳು. ಬೆಳ್ಳುಳ್ಳಿ ಇದ್ದದ್ದಕ್ಕೇ ಗೆದ್ದಿತಾ ಅನ್ನುವ ಅನುಮಾನ ಬಂತು, ಅದಕ್ಕೇ ಮರುದಿನ ಬೆಳ್ಳುಳ್ಳಿ ಇಲ್ಲದೆಯೂ ಮಾಡಿದೆ. ಆಗಲೂ ಇದೇ ಮುಂದೆ.

ಜಜ್ಜುವುದಾ, ಮಿಕ್ಸಿಯಾ ಅನ್ನುವುದನ್ನೂ ನೋಡಿದೆ. ಮಿಕ್ಸಿಯಲ್ಲಿ ಬೇಗ ಆಗುತ್ತದೆ, ಆದರೆ ಸ್ವಲ್ಪ ಸೊಪ್ಪಿದ್ದರೆ ಸರಿಯಾಗಿ ತಿರುಗುವುದಿಲ್ಲ. ತಿರುಗಲಿ ಅಂತ ನೀರು ಹಾಕಿದರೆ ಚಟ್ನಿಯ ಹಾಗಾಗಿ ಹೋಳಿನಿಂದ ಜಾರುತ್ತದೆ. ಜಾಸ್ತಿ ಹೊತ್ತು ತಿರುಗಿಸಿದರೆ ಬಿಸಿಯೇರಿ ಬಣ್ಣವೂ ಕಂದುತ್ತದೆ. ಕುಟ್ಟಾಣಿಯಲ್ಲಿ ತರಿತರಿಯಾಗಿ ಉಳಿಯುತ್ತದೆ, ನನಗೆ ಅದೇ ಇಷ್ಟ. ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ ಮಾತ್ರ ಮಿಕ್ಸಿ. ಒಂದು ಎಚ್ಚರಿಕೆ: ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪು ಹಾಕಿದ ಎಣ್ಣೆಯನ್ನು ಹೊರಗೆ ಇಡಬೇಡಿ. ಗಾಳಿಯಾಡದ ಎಣ್ಣೆಯೊಳಗೆ ಬಾಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುವ ಅಪಾಯ ಇದೆ. ಉಳಿದರೆ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಜಜ್ಜಿದ್ದೇ ಎಲ್ಲಕ್ಕೂ ಸರಿ ಅಂತ ಬರೆದುಬಿಡುತ್ತಿದ್ದೆ. ಮುಂದಿನ ವಾರ ಬೀನ್ಸ್ ಮಾಡಿದಾಗ ಲೆಕ್ಕ ತಲೆಕೆಳಗಾಯಿತು. ಬೀನ್ಸಿಗೆ ತನ್ನದೇ ಒಂದು ಎಳೆ ಸಿಹಿ ಇದೆ. ಜಜ್ಜಿದ ಸೊಪ್ಪು ಅದನ್ನು ಪೂರ್ತಿ ಮುಚ್ಚಿಹಾಕಿತು. ಅದರ ಸಿಪ್ಪೆ ನುಣುಪು ಬೇರೆ, ಆಲೂಗಡ್ಡೆಯ ಹಾಗೆ ಹೀರಿಕೊಳ್ಳುವುದಿಲ್ಲ. ಎಣ್ಣೆ ತಟ್ಟೆಯ ತಳ ಸೇರಿತು. ಇಲ್ಲಿ ಸಣ್ಣಗೆ ಹೆಚ್ಚಿ ಕೊನೆಗೆ ಉದುರಿಸಿದ ಮೂರನೇ ರೀತಿಯೇ ಗೆದ್ದಿತು. ಕ್ಯಾರೆಟ್‌ಗೂ ಹಾಗೇ, ಅದರಲ್ಲೂ ಸಬ್ಬಸಿಗೆ ಸೊಪ್ಪು ಉದುರಿಸಿದರೆ ಬಹಳ ಚೆಂದ. ಹೂಕೋಸನ್ನು ಓವನ್‌ನಲ್ಲಿ 220 ಡಿಗ್ರಿಯಲ್ಲಿ ಅಂಚು ಕೆಂಪಗಾಗುವ ತನಕ ಸುಟ್ಟರೆ ಅದು ಆಲೂಗಡ್ಡೆಯ ಗುಂಪಿಗೆ ಸೇರುತ್ತದೆ, ಜಜ್ಜಿದ್ದನ್ನು ಕೇಳಿ ಕೇಳಿ ಹೀರಿಕೊಳ್ಳುತ್ತದೆ.

ಉದುರಿಸುವುದಾದರೆ ಎರಡು ವಿಷಯ ನೋಡಿಕೊಳ್ಳಿ. ತೊಳೆದ ಸೊಪ್ಪನ್ನು ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿ. ಚಾಕು ಹರಿತವಾಗಿರಲಿ. ಮೊಂಡು ಚಾಕು ಎಲೆಯನ್ನು ಕತ್ತರಿಸುವುದಿಲ್ಲ, ಅರೆಯುತ್ತದೆ. ರಸವೆಲ್ಲ ಹಲಗೆಗೆ ಹೋಗುತ್ತದೆ, ಎಲೆ ಕಪ್ಪಾಗುತ್ತದೆ. ನಿಂಬೆರಸ ಬೇಕಿದ್ದರೆ ತಿನ್ನುವ ಮುಂಚೆ ಹಿಂಡಿ. ಮೊದಲೇ ಹಿಂಡಿಟ್ಟರೆ ಹುಳಿಗೆ ಹಸಿರು ಮಾಸುತ್ತದೆ.

ಎಲ್ಲ ಸೊಪ್ಪೂ ಕೊತ್ತಂಬರಿಯ ಹಾಗಲ್ಲ. ರೋಸ್‌ಮೇರಿ, ಥೈಮ್, ಕರಿಬೇವು ಇವೆಲ್ಲ ಗಟ್ಟಿ ಎಲೆಗಳು. ಇವುಗಳಲ್ಲಿ ಅಮ್ಮನ ರೀತಿಗೇ ಮೊದಲ ಸ್ಥಾನ. ಇವುಗಳ ಪರಿಮಳ ಬಿಸಿ ಎಣ್ಣೆಗೆ ಬಿದ್ದ ಮೇಲೇ ಪೂರ್ತಿ ಬಿಟ್ಟುಕೊಳ್ಳುತ್ತದೆ, ಬೆಂದರೂ ಉಳಿಯುತ್ತದೆ. ರೋಸ್‌ಮೇರಿಯನ್ನು ಹಸಿಯಾಗಿ ಉದುರಿಸಿ ನೋಡಿದೆ. ಪೈನ್ ಮರದ ಕಡ್ಡಿ ಅಗಿದ ಹಾಗಿತ್ತು, ಅರ್ಧಕ್ಕೇ ತೆಗೆದಿಟ್ಟೆವು. ಪುದೀನ ಮೆತ್ತನೆ ಎಲೆ, ಬೆಂದರೆ ಕಪ್ಪಾಗಿ ತಂಪು ಕಳೆದುಕೊಳ್ಳುತ್ತದೆ, ಅದು ಕೊನೆಗೇ ಸರಿ. ಬೇಸಿಲ್ ಅಂತೂ ಬಹಳ ನಾಜೂಕು. ಜಜ್ಜಿದ ಸ್ವಲ್ಪ ಹೊತ್ತಿಗೇ ಕಪ್ಪಗಾಗುತ್ತದೆ. ಹಸಿರು ಬೇಕೇ ಬೇಕು ಅಂದರೆ ಕುದಿಯುವ ನೀರಿನಲ್ಲಿ ಹತ್ತು ಸೆಕೆಂಡು ಅದ್ದಿ, ತಕ್ಷಣ ಐಸ್ ನೀರಿಗೆ ಹಾಕಿ, ಹಿಂಡಿ, ಆಮೇಲೆ ಜಜ್ಜಿ. ಘಮ ಸ್ವಲ್ಪ ಕಡಿಮೆಯಾಗುತ್ತದೆ. ನಾನು ಬಣ್ಣ ಬಿಟ್ಟು ಘಮವನ್ನೇ ಆರಿಸಿಕೊಳ್ಳುತ್ತೇನೆ.

ಒಣ ಸೊಪ್ಪಿನ ಬಗ್ಗೆಯೂ ಒಂದು ಮಾತು. ಮೂರು ಟೀ ಚಮಚ ಹಸಿ ಸೊಪ್ಪಿಗೆ ಒಂದು ಟೀ ಚಮಚ ಒಣಗಿದ್ದು ಅನ್ನುವುದು ಸಾಮಾನ್ಯ ಲೆಕ್ಕ. ಥೈಮ್, ಓರೆಗಾನೊಗೆ ಅದು ಸರಿಹೋಗುತ್ತದೆ, ಬೇಯುವಾಗಲೇ ಹಾಕಬೇಕು ಅಷ್ಟೆ. ಒಣ ಕೊತ್ತಂಬರಿ ಸೊಪ್ಪು ಮಾತ್ರ ಎಷ್ಟು ಹಾಕಿದರೂ ಕಾಗದದ ರುಚಿ. ತರುವುದೇ ಬಿಟ್ಟೆ.

ಈಗ ಆ ಹಿನ್ನೆಲೆಯ ರುಚಿಗೆ ಬರುತ್ತೇನೆ. ಮೊದಲ ಬಾಣಲೆಯಲ್ಲಿ ಎಲೆ ಸುಟ್ಟುಹೋಗಿದ್ದರೂ ಉಳಿದಿದ್ದು ಏನು? ಹುಡುಕಿದಾಗ ಸಿಕ್ಕಿದ್ದು ದಂಟು. ಕೊತ್ತಂಬರಿಯ ದಂಟಿನಲ್ಲಿ ಎಲೆಯಷ್ಟೇ ರುಚಿ ಇದೆ, ಗಟ್ಟಿಯೂ ಇರುತ್ತದೆ. ಎಲೆಯಷ್ಟು ಬೇಗ ಸುಡುವುದಿಲ್ಲ. "ಹಾಗಾದರೆ ದಂಟು ನನ್ನ ಹಾಗೆ ಹಾಕು, ಎಲೆ ನಿನ್ನ ಹಾಗೆ ಹಾಕು" ಅಂತ ಅಮ್ಮನೇ ಹೇಳಿದಳು. ಐದನೇ ಬಾಣಲೆ ಹಾಗೆ ಹುಟ್ಟಿತು. ದಂಟನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಅರ್ಧ ನಿಮಿಷ, ಆಮೇಲೆ ತರಕಾರಿ, ಒಲೆ ಆರಿಸಿ ಒಂದು ನಿಮಿಷ ಬಿಟ್ಟು ಎಲೆ. ಒಳಗೂ ರುಚಿ, ಮೇಲೂ ಘಮ. ಬೀನ್ಸಿಗೆ ಇದು ಮೂರನೇ ರೀತಿಗಿಂತಲೂ ಚೆನ್ನಾಗಿ ಬಂತು. ಆಲೂಗಡ್ಡೆಗೆ ಮಾತ್ರ ನನ್ನ ಓಟು ಇವತ್ತಿಗೂ ಜಜ್ಜಿದ್ದಕ್ಕೇ. ಅಮ್ಮ ಒಪ್ಪುವುದಿಲ್ಲ, ಅವಳಿಗೆ ಐದನೆಯದೇ ಎಲ್ಲಕ್ಕಿಂತ ಮೇಲು.

ಈಗ ನಮ್ಮಲ್ಲಿ ಸೊಪ್ಪು ಬಿಡಿಸುವಾಗಲೇ ದಂಟು ಒಂದು ಬಟ್ಟಲಿಗೆ, ಎಲೆ ಇನ್ನೊಂದು ಬಟ್ಟಲಿಗೆ. ಮುಂದಿನ ಭಾನುವಾರ ಬೀಟ್‌ರೂಟ್ ಸರದಿ, ಸಬ್ಬಸಿಗೆ ಜೊತೆ. ಅದರ ದಂಟು ಎಣ್ಣೆಗೆ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಬೇಕು.