ಕರೆಂಟ್ ಕೊಟ್ಟು ಕಾಲು ತುಳಿಸುವ ಸೈಕಲ್: ಬದಿಯಡ್ಕದ ಮನೆಯಲ್ಲಿ ಎರಡು ಮಳೆಗಾಲ ಕಳೆದ ಮೇಲೆ

ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ತಪ್ಪಿದವರಿಗಾಗಿ ಇರುವ ಸೈಕಲ್ ಇದು. ಕೊಳ್ಳುವ ಯೋಚನೆ ಇದ್ದವರು ದರ ವಿಚಾರಿಸುವ ಮೊದಲು ಒಂದು ಪರೀಕ್ಷೆ ಮಾಡಿಸಿಕೊಳ್ಳಿ. ಫಿಸಿಯೋಥೆರಪಿ ಕೋಣೆಗಳಲ್ಲಿ ಇರುವ ಸಣ್ಣ ಸ್ಟಿಮ್ಯುಲೇಟರ್ ಸಾಕು. ತೊಡೆಗೆ ಎರಡು ಪ್ಯಾಡ್ ಅಂಟಿಸಿ ಕರೆಂಟ್ ನಿಧಾನಕ್ಕೆ ಏರಿಸಿದಾಗ ಸ್ನಾಯು ಬಿಗಿದರೆ ಮುಂದಿನ ಮಾತು. ಬಿಗಿಯದಿದ್ದರೆ ದುಡ್ಡು ಉಳಿಯಿತು.

ನಮ್ಮ ಊರಿನವರಿಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಪರಿಚಯದ ಗಾಲಿಕುರ್ಚಿಯವರಲ್ಲಿ ಹೆಚ್ಚಿನವರು ಅಡಿಕೆ ಮರದಿಂದ ಬಿದ್ದವರು, ಒಂದೋ ಕೊನೆ ಕೊಯ್ಯುವಾಗ, ಇಲ್ಲದಿದ್ದರೆ ಮದ್ದು ಬಿಡುವಾಗ. ಎತ್ತರದಿಂದ ಬಿದ್ದಾಗ ಬೆನ್ನುಮೂಳೆ ಹೆಚ್ಚಾಗಿ ಮುರಿಯುವುದು ಎದೆಯ ಭಾಗ ಮುಗಿದು ಸೊಂಟದ ಭಾಗ ಶುರುವಾಗುವಲ್ಲಿ, ಟಿ12 (ಎದೆಯ ಭಾಗದ ಹನ್ನೆರಡನೆಯ, ಕೊನೆಯ ಮೂಳೆ), ಎಲ್1 (ಸೊಂಟದ ಭಾಗದ ಮೊದಲ ಮೂಳೆ) ಇವುಗಳ ಆಸುಪಾಸಿನಲ್ಲಿ. ಬೆನ್ನುಹುರಿ ಮುಗಿಯುವುದೂ ಸುಮಾರು ಅಲ್ಲಿಯೇ. ಹುರಿಯ ತುದಿಯೋ ಅಲ್ಲಿಂದ ಕೆಳಗಿಳಿಯುವ ನರಗಳ ಗೊಂಚಲೋ ಜಜ್ಜಿಹೋದರೆ ಕಾಲಿನ ಸ್ನಾಯುವಿಗೆ ಹೋಗುವ ನರವೇ ಸತ್ತಿರುತ್ತದೆ. ಈ ಸೈಕಲ್ ಕೆಣಕುವುದು ಆ ನರವನ್ನು. ನರವಿಲ್ಲದ ಸ್ನಾಯು ಇದರ ಮಾತು ಕೇಳುವುದಿಲ್ಲ. ಪೆರ್ಲ ಕಡೆಯ ಕೊನೆಗಾರ ಗೆಳೆಯನೊಬ್ಬ ನನ್ನ ಯಂತ್ರ ನೋಡಿ ಆಸೆಪಟ್ಟು ಬಂದಿದ್ದ. ಅವನದು ಎಲ್1. ಕರೆಂಟ್ ಎಷ್ಟು ಏರಿಸಿದರೂ ತೊಡೆ ಮಿಸುಕಲಿಲ್ಲ. ನನ್ನದು ಅದಕ್ಕಿಂತ ಮೇಲೆ, ಟಿ5, ಪೆಟ್ಟಿನ ಕೆಳಗಿನ ಹುರಿ ಜೀವಂತ ಇದೆ. ಕಾಲು ತನ್ನಷ್ಟಕ್ಕೆ ಸೆಟೆಯುವುದು, ನಡುಗುವುದು ಇದೆಯಲ್ಲ, ನಿದ್ದೆಗೆಡಿಸುವ ಆ ಪೀಡೆಯೇ ಇಲ್ಲಿ ಒಳ್ಳೆಯ ಲಕ್ಷಣ.

ಯಂತ್ರ ದೊಡ್ಡದೇನಲ್ಲ. ಗಾಲಿಕುರ್ಚಿಯಲ್ಲಿ ಕೂತಲ್ಲಿಂದಲೇ ತುಳಿಯಬಹುದು. ಕುರ್ಚಿ ಹಿಂದಕ್ಕೆ ಮಗುಚದಂತೆ ಯಂತ್ರಕ್ಕೆ ಕೊಕ್ಕೆ ಹಾಕಬೇಕು. ಪಾದಕ್ಕೂ ಮೀನಖಂಡಕ್ಕೂ ಪಟ್ಟಿ. ನನ್ನದರಲ್ಲಿ ಆರು ಚಾನೆಲ್: ಎರಡೂ ಕಡೆ ತೊಡೆಯ ಮುಂದೆ, ತೊಡೆಯ ಹಿಂದೆ, ಪೃಷ್ಠ. ಚಾನೆಲ್‌ಗೆ ಎರಡರಂತೆ ಹನ್ನೆರಡು ಪ್ಯಾಡ್. ಮೊದಲು ಮೋಟಾರೇ ಕಾಲು ತಿರುಗಿಸಿ ಸಡಿಲ ಮಾಡುತ್ತದೆ. ಆಮೇಲೆ ಪೆಡಲ್ ಯಾವ ಕೋನದಲ್ಲಿದೆ ಎಂದು ನೋಡಿಕೊಂಡು ಆಯಾ ಸ್ನಾಯುವಿಗೆ ಮಾತ್ರ ಕರೆಂಟ್ ಬಿಡುತ್ತದೆ. ಸ್ನಾಯು ಸೋತರೆ ಮತ್ತೆ ಮೋಟಾರ್.

ಸೋಲುವುದು ಬೇಗ. ನಾವು ಮನಸ್ಸಿನಿಂದ ಕಾಲು ಆಡಿಸುವಾಗ ಮೆದುಳು ಮೊದಲು ಸ್ನಾಯುವಿನ ಬೇಗ ಸುಸ್ತಾಗದ ಎಳೆಗಳನ್ನು ಎಬ್ಬಿಸಿ, ಸರದಿಯಲ್ಲಿ ದುಡಿಸುತ್ತದೆ. ಕರೆಂಟಿಗೆ ಆ ನಾಜೂಕಿಲ್ಲ. ಪ್ಯಾಡಿನ ಕೆಳಗಿನ ಎಳೆಗಳನ್ನೆಲ್ಲ ಒಟ್ಟಿಗೇ ಹೊಡೆದೆಬ್ಬಿಸುತ್ತದೆ, ಬೇಗ ದಣಿಯುವ ದಪ್ಪ ಎಳೆಗಳೂ ಮೊದಲಿಗೇ ಏಳುತ್ತವೆ. ಹಾಗಾಗಿ ನನ್ನ ಪರದೆಯಲ್ಲಿ 10 ವಾಟ್ ದಾಟುವುದೇ ಅಪರೂಪ, ಒಂದು ಎಲ್‌ಇಡಿ ಬಲ್ಬ್ ಉರಿಸುವಷ್ಟು. ಬೇಸರವಾದಾಗ 2016ರ ಸೈಬಥ್ಲಾನ್ ನೆನಪಿಸಿಕೊಳ್ಳಿ. ಸ್ವಿಟ್ಜರ್‌ಲ್ಯಾಂಡಿನಲ್ಲಿ ನಡೆದ ಆ ಸ್ಪರ್ಧೆಯಲ್ಲಿ ಹೀಗೇ ಕರೆಂಟಿನಿಂದ ಸೈಕಲ್ ತುಳಿದವರಿಗೆ 750 ಮೀಟರ್ ಮುಗಿಸಲು ಕೊಟ್ಟ ಸಮಯ 8 ನಿಮಿಷ. ತಿಂಗಳುಗಟ್ಟಲೆ ತಯಾರಾಗಿ ಬಂದವರಿಗೂ ಅದು ಸುಲಭದ ದೂರ ಅಲ್ಲ.

ಈಗ ಮಾರುವವರು ಗಡಿಬಿಡಿಯಲ್ಲಿ ದಾಟಿಸುವ ಭಾಗ. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಚೀಲ ತುಂಬಿದರೆ, ಕೆಳಗೆಲ್ಲೋ ಚುಚ್ಚಿದರೆ ರಕ್ತದೊತ್ತಡ ಥಟ್ಟನೆ ಏರುವ ತೊಂದರೆ ಇದೆ. ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ಕಾಲಿಗೆ ಕೊಡುವ ಕರೆಂಟೇ ಅದನ್ನು ಎಬ್ಬಿಸಬಲ್ಲದು. ನಮ್ಮಂಥವರ ಮಾಮೂಲಿ ಮೇಲಿನ ಬಿಪಿ 90ರಿಂದ 110ರ ಒಳಗೆ ಇರುತ್ತದೆ. ಅದರ ಮೇಲೆ 20ರಿಂದ 40 ಏರಿದರೆ ಎಚ್ಚರಾಗಬೇಕು. 140 ಕಂಡು ‘ನಾರ್ಮಲ್ ಅಲ್ವಾ’ ಅನ್ನುವ ಡಾಕ್ಟರೂ ಇದ್ದಾರೆ ಮಾರಾಯ್ರೇ, ಹಾಗಾಗಿ ನಿಮ್ಮ ಅಂಕಿ ನಿಮಗೇ ಬಾಯಿಪಾಠ ಇರಲಿ. ತಲೆ ಸಿಡಿಯುವುದು, ಮುಖ ಕೆಂಪಾಗುವುದು, ಹಣೆ ಬೆವರುವುದು ಕಂಡರೆ ಕರೆಂಟ್ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಬಿಗಿದ ಪಟ್ಟಿ ಸಡಿಲಿಸಿ, ಕ್ಯಾತಿಟರ್ (ಮೂತ್ರದ ನಳಿಗೆ) ಮಡಚಿದೆಯೇ ನೋಡಬೇಕು. ಆಗಲೂ ಇಳಿಯದಿದ್ದರೆ ಆಸ್ಪತ್ರೆ. ನನ್ನ ಹೆಂಡತಿ ಬಿಪಿ ಪಟ್ಟಿ ಕೈಗೆ ಕಟ್ಟದೆ ಸ್ವಿಚ್ ಮುಟ್ಟಲು ಬಿಡುವುದಿಲ್ಲ. ಈ ಯಂತ್ರಕ್ಕೆ ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ಒಂಟಿಯಾಗಿ ಇರುವವರಿಗೆ ನಾನಿದನ್ನು ಹೇಳುವುದೇ ಇಲ್ಲ.

ಎರಡನೆಯದು ಮೂಳೆ. ಪೆಟ್ಟಾದ ಮೊದಲ ಒಂದೆರಡು ವರ್ಷದಲ್ಲೇ ಮಂಡಿಯ ಮೇಲೂ ಕೆಳಗೂ ಮೂಳೆ ಭಾರೀ ಸವೆಯುತ್ತದೆ. ಸೋತ ಸ್ನಾಯುವಿಗೆ ದಿಢೀರ್ ಬಲ ಕೊಟ್ಟರೆ, ಅಥವಾ ಕಾಲು ಸೆಟೆದುಕೊಂಡಾಗ ಮೋಟಾರ್ ಎಳೆದರೆ, ನೋವೇ ಗೊತ್ತಾಗದೆ ಮೂಳೆ ಮುರಿಯಬಹುದು. ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ ಮೇಲೆಯೇ ನಾನು ಶುರು ಮಾಡಿದ್ದು. ಮಂಡಿ ಊದಿ ಬಿಸಿಯಾದರೆ, ಒಂದೇ ಕಾಲು ದಪ್ಪಗಾದರೆ, ಆ ದಿನ ಸೈಕಲ್ ಇಲ್ಲ, ಡಾಕ್ಟರ್. ಒಳಗೆ ರಕ್ತ ಹೆಪ್ಪುಗಟ್ಟಿದ್ದರೂ ಹಾಗೇ ಕಾಣುತ್ತದೆ. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಪ್ಯಾಡ್ ಅಂಟಿಸುವಲ್ಲಿ ಹುಣ್ಣು ಇರುವವರು ಮುಟ್ಟಬಾರದು.

ಚರ್ಮದ ವಿಷಯದಲ್ಲಿ ನಮ್ಮ ಮನೆಗಳ ದೊಡ್ಡ ಶತ್ರು ತೆಂಗಿನೆಣ್ಣೆ. ಬಿದ್ದವರಿಗೆ ಎಣ್ಣೆ ತಿಕ್ಕದೆ ಅಮ್ಮಂದಿರಿಗೆ ಸಮಾಧಾನ ಇಲ್ಲ. ಎಣ್ಣೆ ಇದ್ದಲ್ಲಿ ಪ್ಯಾಡ್ ಅರ್ಧ ಅಂಟಿ ಅರ್ಧ ಎದ್ದು, ಅಂಟಿದ ಚೂರಲ್ಲೇ ಕರೆಂಟೆಲ್ಲ ನುಗ್ಗಿ ಚರ್ಮ ಸುಡುತ್ತದೆ. ಸೋಪು ಹಾಕಿ ತೊಳೆದು, ಬೈರಾಸಿನಿಂದ ಒರೆಸಿ, ಒಣಗಿದ ಮೇಲೆ ಅಂಟಿಸಿ. ತೆಗೆದ ಮೇಲೆ ತುಸು ಕೆಂಪು ಸಹಜ. ಮರುದಿನಕ್ಕೂ ಮಾಸದಿದ್ದರೆ ಆ ಜಾಗಕ್ಕೆ ರಜೆ.

ಏನು ಸಿಕ್ಕಿತು? ಕಡ್ಡಿಯಾಗಿದ್ದ ತೊಡೆ ತುಂಬಿದೆ. ಸಂಜೆ ಪಾದ ಊದುವುದು ಕಡಿಮೆ. ತುಳಿದ ದಿನ ರಾತ್ರಿ ಕಾಲು ಸೆಟೆಯುವುದಿಲ್ಲ, ಹಾಗಾಗಿ ಮನೆಯವರಿಗೂ ನಿದ್ದೆ. ಏದುಸಿರು ಬಂದು ಸುಸ್ತಾಗುವ ಸುಖ ಬೇರೆಯೇ. ವಾರಕ್ಕೆ ಮೂರು ಸಲ ತಪ್ಪದಿದ್ದರೆ ಮಾತ್ರ ಇದೆಲ್ಲ. ಬಿಟ್ಟರೆ ಸ್ನಾಯು ಮತ್ತೆ ಇಳಿಯುತ್ತದೆ. ನಡೆಯುವುದಂತೂ ಇದರಿಂದ ಬರುವುದಿಲ್ಲ. ನೆಂಟರು ಕಾಲು ತಿರುಗುವುದನ್ನು ನೋಡಿ ‘ಇನ್ನೇನು, ಮುಂದಿನ ಜಾತ್ರೆಗೆ ಎದ್ದು ಬರ್ತಾನೆ’ ಅನ್ನುತ್ತಾರೆ. ಮೊದಮೊದಲು ವಿವರಿಸುತ್ತಿದ್ದೆ. ಈಗ ಚಹಾ ಕೊಟ್ಟು ಕಳಿಸುತ್ತೇವೆ.

ಖರ್ಚು ಯಂತ್ರದೊಂದಿಗೆ ಮುಗಿಯುವುದಿಲ್ಲ, ಪ್ಯಾಡ್ ತಿನ್ನುತ್ತಲೇ ಇರುತ್ತದೆ. ಆಟಿ ತಿಂಗಳ ತಂಡಿಗೆ ಅಂಟು ಬೇಗ ಹಾಳು. ಜಿಪ್ ಚೀಲದಲ್ಲಿ ಮುಚ್ಚಿಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆಳಿಗ್ಗೆ ಬೇಗ ಮುಗಿಸಬೇಕು. ಪೆಟ್ಟಿನ ಕೆಳಗೆ ಮೈ ಬೆವರುವುದಿಲ್ಲವಾದ್ದರಿಂದ ಕಾವು ಒಳಗೇ ಉಳಿಯುತ್ತದೆ. ನಾನು ಫ್ಯಾನ್ ಹಾಕಿ ನೀರು ಚಿಮುಕಿಸಿಕೊಳ್ಳುತ್ತೇನೆ, ಮುಖಕ್ಕೆ, ಕೈಗೆ. ಪ್ಯಾಡಿನ ಹತ್ತಿರ ಅಲ್ಲ.

ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಬಿಡಬೇಡಿ, ಆದರೆ ಕೇಬಲ್‌ಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿ, ತುರ್ತು ನಿಲುಗಡೆ ಗುಂಡಿಯನ್ನು ಕಾಲು ತಿರುಗುತ್ತಿರುವಾಗಲೇ ಒತ್ತಿ ನೋಡಿ. ಆ ಮಾದರಿಯ ಪ್ಯಾಡ್ ಮಂಗಳೂರಿನಲ್ಲಿ ಸಿಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.