ನೆಕ್ಸಾನ್ ಇವಿಗೆ 16, 17 ಅಥವಾ 18: ಯಾವ ರಿಮ್ಮು, ಯಾವ ಟಯರು?

ಕರೆಂಟಿನಲ್ಲಿ ಓಡುವ ಟಾಟಾ ನೆಕ್ಸಾನ್ ಇವಿಗೆ ಕಂಪನಿಯವರೇ ಹಾಕಿ ಕೊಡುವ ಟಯರಿನ ಅಳತೆ 215/60 ಆರ್16 (ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 60, ರಿಮ್ಮು 16 ಇಂಚು). ಅದು ಸವೆದ ಮೇಲೆ ಅಂಗಡಿಗೆ ಹೋದರೆ ಎದುರಾಗುವುದು ನಾಲ್ಕು ದಾರಿ: ಅದೇ ರಿಮ್ಮಿಗೆ ಇವಿಗೆಂದೇ ಮಾಡಿದ ಟಯರು, ಅದೇ ರಿಮ್ಮಿಗೆ ಮಾಮೂಲಿ ಕಂಫರ್ಟ್ ಟಯರು, 17 ಇಂಚಿನ ಅಲಾಯ್ ರಿಮ್ಮಿನ ಜೊತೆ 215/55, ಇಲ್ಲವೇ 18 ಇಂಚಿನ ಅಲಾಯ್ ಜೊತೆ 225/45. ನಾಲ್ಕನ್ನೂ ಹಾಕಿ ಓಡಿಸಿ ನೋಡಿದ ಮೇಲೆ ಹೇಳುವುದಾದರೆ, ದುಡ್ಡನ್ನು ಟಯರಿಗೆ ಹಾಕಿ, ರಿಮ್ಮಿಗಲ್ಲ. 18 ಇಂಚು ಫೋಟೋದಲ್ಲಿ ಚೆನ್ನ, ಗುಂಡಿಯಲ್ಲಲ್ಲ.

ಹೋಲಿಸುವಾಗಲೇ ಬಹಳ ಜನ ಎಡವುತ್ತಾರೆ. ಸವೆದ ಟಯರು ಹೊಸದಕ್ಕಿಂತ ಹಗುರವಾಗಿ ಉರುಳುತ್ತದೆ. ಹಾಗಾಗಿ ಅದೇ ಕಂಪನಿಯ ಅದೇ ಮಾದರಿಯ ಹೊಸ ಟಯರು ಹಾಕಿದರೂ ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಇಳಿದ ಹಾಗೆ ಕಾಣುತ್ತದೆ, ಬೈಗುಳ ಮಾತ್ರ ಹೊಸ ಟಯರಿಗೆ. ಮೊದಲ 500 ಕಿ.ಮೀ. ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಒಂದೇ ರಸ್ತೆಯಲ್ಲಿ, ಹೋಗುತ್ತಾ ಬರುತ್ತಾ ಎರಡೂ ಕಡೆ, ಒಂದೇ ವೇಗ, ಎಸಿ ಒಂದೇ ಮಟ್ಟದಲ್ಲಿಟ್ಟು ನೋಡಿ. ಗಾಳಿಯನ್ನು ಟಯರು ತಣ್ಣಗಿರುವಾಗಲೇ ಅಳೆಯಬೇಕು.

ಇನ್ನೊಂದು ಮೋಸ ಓಡೋಮೀಟರಿನದು. 215/60 ಆರ್16ರ ವ್ಯಾಸ 664 ಮಿ.ಮೀ. 215/55 ಆರ್17ರದ್ದು 668, 225/45 ಆರ್18ರದ್ದು 660. 17 ಹಾಕಿದ ಕಾರು 100 ಕಿ.ಮೀ. ತೋರಿಸುವಾಗ ನಿಜವಾಗಿ ಓಡಿರುವುದು 100.6, 18 ಹಾಕಿದ್ದರೆ 99.3. ಅಂದರೆ ಒಂದು ಕಿ.ಮೀ.ಗೆ ಎಷ್ಟು ಕರೆಂಟು ಎಂಬ ಲೆಕ್ಕದಲ್ಲಿ 18 ಇಂಚು ನಿಜಕ್ಕಿಂತ ಒಂಚೂರು ಒಳ್ಳೆಯದಾಗಿ ಕಾಣುತ್ತದೆ. ಹಾಗೆ ಕಂಡೂ ನಾಲ್ಕರಲ್ಲಿ ಕೊನೆಯ ಜಾಗ ಅದಕ್ಕೇ.

ರೇಂಜಿನ ಸಾಲು ಹೀಗೆ: ಇವಿ ಟಯರು ಮುಂದೆ, ಕಂಫರ್ಟ್ ಟಯರು ಅದರ ಬೆನ್ನಿಗೆ, ಆಮೇಲೆ 17, ಕೊನೆಗೆ 18. ದೊಡ್ಡ ರಿಮ್ಮಿನಲ್ಲಿ ಲೋಹದ ತೂಕ ಅಂಚಿನ ಕಡೆಗೆ ಸರಿಯುತ್ತದೆ, ಅಗಲದ ಟಯರು ಗಾಳಿಯನ್ನೂ ಹೆಚ್ಚು ತಳ್ಳಬೇಕು. ಇದು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಬೇರೆ ಕಾರಿನ ಉದಾಹರಣೆ: 2023ರ ಹ್ಯುಂಡೈ ಅಯಾನಿಕ್ 6, ಹಿಂಬದಿ ಚಾಲನೆಯ ದೊಡ್ಡ ಬ್ಯಾಟರಿಯ ಮಾದರಿ. ಅಮೆರಿಕದ ಅಧಿಕೃತ ರೇಂಜ್ 18 ಇಂಚಿನಲ್ಲಿ 361 ಮೈಲಿ, 20 ಇಂಚಿನಲ್ಲಿ 305. ಬ್ಯಾಟರಿ ಅದೇ, ಮೋಟಾರೂ ಅದೇ.

ಹಾಗಾದರೆ ಕಣ್ಣು ಮುಚ್ಚಿ ಇವಿ ಟಯರು ತಗೊಳ್ಳುವುದಾ? ಓಡಾಟ ಎಲ್ಲಿ ಎಂಬುದರ ಮೇಲಿದೆ. ನೆಕ್ಸಾನ್ ಇವಿ ಮುಂದಿನ ಚಕ್ರದಲ್ಲಿ ಓಡುವ ಗಾಡಿ. ಮೊದಲ ಮಾದರಿಯದ್ದೇ 245 ಎನ್‌ಎಂ ಟಾರ್ಕ್ (ಮೋಟಾರಿನ ತಿರುಗಿಸುವ ಬಲ), ಅದೂ ಕಾಲಿಟ್ಟ ಕೂಡಲೇ ಬರುವಂಥದ್ದು. ರೀಜೆನ್ ಬ್ರೇಕಿನ (ವೇಗ ತಗ್ಗುವಾಗ ಮೋಟಾರು ಬ್ಯಾಟರಿಗೆ ಕರೆಂಟು ವಾಪಸ್ ತುಂಬುವ ಬ್ರೇಕು) ಹೊರೆಯೂ ಮುಂದಿನ ಎರಡೇ ಟಯರಿನ ಮೇಲೆ. ನಾವು ಹಾಕಿ ನೋಡಿದ ಜೋಡಿಯಲ್ಲಿ ಇವಿ ಟಯರು ಒಣ ರಸ್ತೆಯಲ್ಲಿ ಹಗುರವಾಗಿ ಸಾಗಿತು. ಮಳೆಯಲ್ಲಿ, ಶಿರಾಡಿ ಘಾಟಿಯ ಕಾಂಕ್ರೀಟಿನ ಮೇಲೆ, ತಿರುವಿನಿಂದ ಹೊರಬರುತ್ತಾ ಆಕ್ಸಿಲರೇಟರ್ ಒತ್ತಿದರೆ ಟ್ರ್ಯಾಕ್ಷನ್ ದೀಪ (ಚಕ್ರ ಜಾರುತ್ತಿದೆ ಎನ್ನುವ ದೀಪ) ಬೇಗ ಮಿನುಗಿದ್ದು ಅದರಲ್ಲೇ. ಕಂಫರ್ಟ್ ಟಯರು ಅಲ್ಲಿ ಕಚ್ಚಿ ಹಿಡಿಯಿತು. ದಿನವೂ ಹೈವೇಯಲ್ಲಿ ಚಾರ್ಜರ್ ಲೆಕ್ಕ ಹಾಕಿ ಓಡುವವರಿಗೆ ಮೊದಲನೆಯದು, ಮಲೆನಾಡು ಕರಾವಳಿ ಸುತ್ತುವವರಿಗೆ ಎರಡನೆಯದು. ಎಲ್ಲ ಇವಿ ಟಯರೂ ಹೀಗೇ ಅಂತಲ್ಲ, ಒದ್ದೆ ಹಿಡಿತದ ಬಗ್ಗೆ ಕೇಳಿಯೇ ತಗೊಳ್ಳಿ.

ಸದ್ದಿನ ವಿಷಯ ಬೇರೆ. ಎಂಜಿನ್ ಇಲ್ಲದ ಗಾಡಿಯಲ್ಲಿ ಟಯರಿನ ಗುಂಯ್‌ಗುಟ್ಟುವಿಕೆಯೇ ಸಂಗೀತ. ಬೆಂಗಳೂರಿನ ವೈಟ್ ಟಾಪಿಂಗ್ (ಕಾಂಕ್ರೀಟು ಹಾಸಿದ) ರಸ್ತೆಗೆ ಹೋದರೆ ಒಂದೇ ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ನಾಲ್ಕರಲ್ಲಿ 18 ಇಂಚಿನದ್ದೇ ಜೋರು. ಒಳಗೆ ಫೋಮ್ ಅಂಟಿಸಿದ ಟಯರು ಸದ್ದು ತಗ್ಗಿಸುತ್ತದೆ ನಿಜ. ಆದರೆ ಪಂಕ್ಚರ್ ಆದಾಗ ಒಳಗಿನಿಂದ ಪ್ಯಾಚ್ ಹಾಕಬೇಕಾದರೆ ಆ ಜಾಗದ ಫೋಮ್ ಕೆರೆದು ತೆಗೆಯಬೇಕು. ದಾರಿಬದಿಯ ಪಂಕ್ಚರ್ ಅಂಗಡಿಯಲ್ಲಿ ಅಷ್ಟು ತಾಳ್ಮೆ ಸಿಗುವುದು ಕಷ್ಟ.

17 ಇಂಚಿನ ಪರವಾಗಿಯೂ ಒಂದು ಮಾತಿದೆ: ಸ್ಟೇರಿಂಗ್ ಚುರುಕಾಗುತ್ತದೆ, ಟಯರಿನ ಪಕ್ಕೆ 129ರಿಂದ 118 ಮಿ.ಮೀ.ಗೆ ಮಾತ್ರ ಇಳಿಯುತ್ತದೆ. 18ರಲ್ಲಿ ಉಳಿಯುವುದು 101. ಸುಮಾರು 1,400 ಕೆಜಿಯ ಗಾಡಿ ವೇಗದಲ್ಲಿ ಗುಂಡಿಗೆ ಬಿದ್ದರೆ ಆ 28 ಮಿ.ಮೀ. ರಬ್ಬರಿನ ಬೆಲೆ ತಿಳಿಯುತ್ತದೆ. ಮೊದಲು ಪಕ್ಕೆ ಉಬ್ಬುತ್ತದೆ, ಆಮೇಲೆ ರಿಮ್ಮಿನ ಒಳತುಟಿ ಬಾಗುತ್ತದೆ. ಒಳತುಟಿ ಬಾಗಿದ್ದು ಹೊರಗಿನಿಂದ ಕಾಣುವುದೇ ಇಲ್ಲ; ವಾರಕ್ಕೊಮ್ಮೆ ಗಾಳಿ ಇಳಿಯುವುದೊಂದೇ ಸುಳಿವು.

ಇವಿಗೆ ತುಂಬಾ ಮುಖ್ಯವಾದ, ಅಂಗಡಿಯವರು ಹೇಳದ ಅಂಕಿಯೆಂದರೆ ಲೋಡ್ ಇಂಡೆಕ್ಸ್. 215/60 ಆರ್16ರಲ್ಲಿ ಮಾಮೂಲಿಯಾಗಿ 95, ಅಂದರೆ ಒಂದು ಟಯರು 690 ಕೆಜಿ ಹೊರುತ್ತದೆ. 215/55 ಆರ್17ರ ಮಾಮೂಲಿ ಟಯರು 94, ಅಂದರೆ 670. 225/45 ಆರ್18ರ ಮಾಮೂಲಿ ಟಯರು 91, ಬರೀ 615. ದೊಡ್ಡ ರಿಮ್ಮೇ ಬೇಕೆಂದರೆ ಪಕ್ಕೆಯ ಮೇಲೆ ಎಕ್ಸ್‌ಎಲ್ ಎಂದಿರುವುದನ್ನೇ (ಹೆಚ್ಚು ಭಾರ ಹೊರುವ ಟಯರು) ಕೇಳಿ: 17ರಲ್ಲಿ 98, 18ರಲ್ಲಿ 95. ಅದಕ್ಕೆ ಗಾಳಿಯೂ ಹೆಚ್ಚು ಬೇಕು. ಹಳೆ ಒತ್ತಡವನ್ನೇ ಹೊಡೆಸಿದರೆ ಎಕ್ಸ್‌ಎಲ್ ತಂದ ಲಾಭ ಹೋಯಿತು. ಪಕ್ಕೆಯಲ್ಲೇ ತಯಾರಾದ ವಾರವೂ ಇರುತ್ತದೆ: ನಾಲ್ಕು ಅಂಕಿ 2225 ಎಂದಿದ್ದರೆ 2025ರ 22ನೇ ವಾರ.

ರಿಮ್ ಕೊಳ್ಳುವಾಗ ಪಿಸಿಡಿಯನ್ನು (ಬೋಲ್ಟಿನ ತೂತುಗಳ ನಡುಮಧ್ಯದ ಮೂಲಕ ಹಾಯುವ ವೃತ್ತದ ವ್ಯಾಸ) ಬಾಯಿಮಾತಿನಲ್ಲಿ ನಂಬಬೇಡಿ. ಐದು ಬೋಲ್ಟಿನ ಚಕ್ರದಲ್ಲಿ ಪಕ್ಕಪಕ್ಕದ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದು 1.701ರಿಂದ ಗುಣಿಸಿ. 63.5 ಮಿ.ಮೀ. ಬಂದರೆ ಪಿಸಿಡಿ 108, 65.8 ಬಂದರೆ 112, 67.2 ಬಂದರೆ 114.3. ಕೊನೆಯ ಎರಡರ ನಡುವೆ ಬರೀ 1.4 ಮಿ.ಮೀ. ಅಂತರ, ಸ್ಕೇಲಿನಲ್ಲಿ ಸಿಗುವುದಿಲ್ಲ, ವರ್ನಿಯರ್ ಕ್ಯಾಲಿಪರ್ ಬೇಕು. 112ರ ರಿಮ್ಮನ್ನು 114.3ರ ಹಬ್ಬಿಗೆ (ಗಾಡಿಯಲ್ಲಿ ರಿಮ್ಮು ಕೂರುವ ಭಾಗ) ನಟ್ಟು ಬಿಗಿಯುವ ಗನ್ ಹಾಕಿ ಎಳೆದು ಕೂರಿಸುವವರಿದ್ದಾರೆ. ಕೂರುತ್ತದೆ, ನಟ್ಟು ಕೂರುವ ಸ್ಟಡ್ಡುಗಳು ಬಾಗಿರುತ್ತವೆ ಅಷ್ಟೆ.

ಆಫ್‌ಸೆಟ್‌ಗೂ ಸುಲಭ ಲೆಕ್ಕವಿದೆ. ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎನ್ನುವುದೇ ಅದು, ಇಟಿ ಎಂದು ಬರೆಯುತ್ತಾರೆ. ಹಳೆಯದು 6 ಇಂಚು ಅಗಲ, ಇಟಿ 45. ಹೊಸದು 7 ಇಂಚು, ಇಟಿ 40 ಎಂದುಕೊಳ್ಳಿ. ಅಗಲದಿಂದ ಎರಡೂ ಕಡೆ 12.7 ಮಿ.ಮೀ. ಹೆಚ್ಚಿತು, ಇಟಿ ಇಳಿದದ್ದರಿಂದ ಚಕ್ರ 5 ಮಿ.ಮೀ. ಹೊರಗೆ ಸರಿಯಿತು. ಒಟ್ಟು ಹೊರಗೆ 17.7, ಒಳಗೆ 7.7. ಮಡ್‌ಗಾರ್ಡಿಗೂ ಸಸ್ಪೆನ್ಷನ್ನಿಗೂ ಅಷ್ಟು ಜಾಗ ಇದೆಯೇ ನೋಡಿ. ನಾಲ್ಕು ಜನ ಕೂತು, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಹಂಪ್ ಹತ್ತಿಸಿದರೆ ಉತ್ತರ ಸಿಗುತ್ತದೆ. ಕಂಪನಿ ಯಾವ ಮಾದರಿಗೂ ಕೊಡದ ಅಳತೆಯಾದರೆ ವಿಮೆಯವರನ್ನು ಮೊದಲೇ ಕೇಳಿ ಬರಹದಲ್ಲಿ ಪಡೆಯುವುದು ಜಾಣತನ.

ಹಾಕಿಸುವಾಗ ಅಂಗಡಿಯ ಹುಡುಗ ಟ್ರಾಲಿ ಜಾಕನ್ನು ಗಾಡಿಯ ನಡುಭಾಗಕ್ಕೆ ಉರುಳಿಸಿಕೊಂಡು ಹೋದರೆ ಅಲ್ಲೇ ತಡೆಯಿರಿ. ಅಲ್ಲಿರುವುದು ಬ್ಯಾಟರಿ ಪೆಟ್ಟಿಗೆ. ಬಾಗಿಲ ಕೆಳಗಿನ ಗುರುತಿನ ಜಾಗದಲ್ಲಿ ರಬ್ಬರ್ ಪ್ಯಾಡ್ ಇಟ್ಟೇ ಎತ್ತಬೇಕು. ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ. ರಿಮ್ಮಿನ ನಡುತೂತು ಹಬ್ಬಿಗಿಂತ ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಹಾಕಿ, ಇಲ್ಲವಾದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಹೈವೇ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಸಾಲಿನಲ್ಲಿ ಬಿಗಿಮಾಡಿ, ಕೊನೆಯ ಬಿಗಿತ ಕೈಪಿಡಿ ಹೇಳಿದಷ್ಟೇ, ಅದೂ ಟಾರ್ಕ್ ರೆಂಚಿನಲ್ಲಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು, ಹೊಸ ಅಲಾಯ್ ಕೂತುಕೊಳ್ಳುವಾಗ ನಟ್ಟು ಸ್ವಲ್ಪ ಸಡಿಲವಾಗುವುದುಂಟು.

ಹೊರಗಿನ ಅಲಾಯ್‌ಗೆ ಹೊಸ ನಟ್ಟು ಕೊಟ್ಟಿದ್ದರೆ ಹಳೆಯವನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಗಾಡಿಯಲ್ಲಿ ಸ್ಟೆಪ್ನಿ ಇದ್ದರೆ ಅದು ಹಳೆ ರಿಮ್ಮಿನದೇ. ಹೊಸ ನಟ್ಟಿನ ಬುಡದ ಆಕಾರ ಅದಕ್ಕೆ ಹೊಂದದೇ ಇರಬಹುದು. ಐದು ಹಳೆ ನಟ್ಟು ಒಂದು ಚೀಲದಲ್ಲಿ ಹಾಕಿ ಜಾಕಿನ ಪಕ್ಕದಲ್ಲೇ ಇಟ್ಟಿರಿ.