ಹರಿಶಂಕರದ ಸೆಲೆ ನೀರು: ಕ್ಯಾನ್ ಹಿಡಿದು ಹೋಗುವವರಿಗೆ

ಸಂಡೂರಿನಿಂದ ಕುಮಾರಸ್ವಾಮಿ ಗುಡಿಗೆ ಹೊರಟವರು ಹರಿಶಂಕರ ತೀರ್ಥವನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಕೈಮುಗಿದು, ಒಂದು ಬೊಗಸೆ ನೀರು ಕುಡಿದು, ಫೋಟೊ ಹೊಡೆದು ವಾಪಸ್. ಅಷ್ಟಕ್ಕೆ ಜಾಗ ಚೆನ್ನಾಗಿಯೇ ಇದೆ: ಕಾಡಿನ ತಂಪು, ಗುಡ್ಡದ ನೆರಳು, ವರ್ಷಪೂರ್ತಿ ನೀರು. ಆದರೆ ಮನೆಗೆ ನೀರು ತುಂಬಿಕೊಂಡು ಬರಬೇಕು ಅನ್ನುವವರಿಗೆ ತಿಳಿಯಬೇಕಾದ್ದು ಬೇರೆಯೇ ಇದೆ.

ಮೊದಲು ರುಚಿ. ಬಳ್ಳಾರಿ ಬಯಲಿನ ಬೋರ್‌ವೆಲ್ಲಿನ ಸವಳು ನೀರಿಗೆ ಒಗ್ಗಿದ ನಾಲಿಗೆಗೆ ಇದು ಮೊದಲ ಗುಟುಕಿಗೆ ಸಪ್ಪೆ. ಅದು ದೋಷವಲ್ಲ, ಉಪ್ಪು ಸುಣ್ಣ ಕಡಿಮೆ ಇರುವುದರ ಗುರುತು. ಸಂಡೂರು ಗುಡ್ಡಗಳ ನೆತ್ತಿಯಲ್ಲಿ ಕಬ್ಬಿಣದ ಅದಿರಿನ ಬಿರುಕುಬಿಟ್ಟ ಪದರ ಇದೆ. ಮಳೆನೀರು ಅದರಲ್ಲಿ ಇಂಗಿ, ಕೆಳಗಿನ ಒತ್ತಾದ ಪದರ ಬಿಟ್ಟುಕೊಡದೆ ಇದ್ದಾಗ ಪಕ್ಕಕ್ಕೆ ಹರಿದು ಇಳಿಜಾರಿನಲ್ಲಿ ಹೊರಬೀಳುತ್ತದೆ. ಕಲ್ಲಿನೊಳಗೆ ಹೆಚ್ಚು ಕಾಲ ಕೂತಿರದ ನೀರಾದ್ದರಿಂದ ಗಡಸುತನ ಕಡಿಮೆ. ಇಂಥ ನೀರಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ, ಸೋಪು ಸಲೀಸಾಗಿ ನೊರೆ ಬರುತ್ತದೆ, ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಕಿಟ್ಟ ಕಟ್ಟುವುದಿಲ್ಲ. ಗುಡ್ಡದ ನೆತ್ತಿ ಅಗೆದುಹೋದರೆ ಸೆಲೆಯೂ ಸೊರಗುತ್ತದೆ ಎಂಬ ಮಾತು ಬರುವುದೂ ಇದೇ ಕಾರಣಕ್ಕೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕಾಡು, ನೀರಿನ ಪ್ರಶ್ನೆಯೂ ಅದರ ಹಿಂದೆ ಇತ್ತು.

‘ಕಬ್ಬಿಣದ ಗುಡ್ಡದ ನೀರು, ಕೆಂಪಗಿರುತ್ತದಲ್ಲವಾ?’ ಎಂದು ಕೇಳುವವರಿದ್ದಾರೆ. ಅದಿರಿನ ಕಬ್ಬಿಣ ನೀರಿನಲ್ಲಿ ಸುಲಭಕ್ಕೆ ಕರಗುವಂಥದ್ದಲ್ಲ. ತುಂಬುವಾಗಲೇ ಕೆಂಪಗಿದ್ದು ಕ್ರಮೇಣ ತಳಕ್ಕೆ ಕೂತರೆ ಅದು ಮಣ್ಣು, ಮಳೆಯ ಜೊತೆ ಬಂದದ್ದು. ತುಂಬುವಾಗ ತಿಳಿಯಾಗಿದ್ದು ಬೆಳಗಾಗುವಷ್ಟರಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಮಾತ್ರ ಕರಗಿದ ಕಬ್ಬಿಣ. ಇನ್ನೂ ಬೇಗ ತಿಳಿಯಬೇಕೆಂದರೆ ಎರಡು ಪೇರಲ ಎಲೆ ಜಜ್ಜಿ ಲೋಟದ ನೀರಿಗೆ ಹಾಕಿ ನೋಡಿ: ಕಬ್ಬಿಣ ಜಾಸ್ತಿ ಇದ್ದರೆ ನೀರು ಕಪ್ಪು-ನೇರಳೆಗೆ ತಿರುಗುತ್ತದೆ.

ಈಗ ಬಹಳ ಜನ ಎಡವುವ ಜಾಗ. ಜೇಬಿನಲ್ಲಿ ಟಿಡಿಎಸ್ ಪೆನ್ ಇಟ್ಟುಕೊಂಡು ಬಂದು, ಅಂಕಿ (ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 500ಕ್ಕಿಂತ ಕೆಳಗಿದೆ, ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿಯೊಳಗೇ ಇದೆ ಎಂದು ಮಕ್ಕಳಿಗೆ ನೇರ ಕುಡಿಸುತ್ತಾರೆ. ಆ ಪೆನ್ ಅಳೆಯುವುದು ಕರಗಿದ ಲವಣಗಳನ್ನು ಮಾತ್ರ. ರೋಗಾಣು ಅದಕ್ಕೆ ಕಾಣುವುದಿಲ್ಲ, ಫ್ಲೋರೈಡ್ ಎಷ್ಟೆಂದೂ ಅದು ಹೇಳುವುದಿಲ್ಲ. ಬಿಐಎಸ್ ಪ್ರಕಾರ ಕುಡಿಯುವ ನೀರಿನ 100 ಮಿಲೀಯಲ್ಲಿ ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಮಂಗ, ದನ, ಯಾತ್ರಿಕರು ಎಲ್ಲರೂ ಓಡಾಡುವ ತೆರೆದ ಸೆಲೆ ಸದಾ ಆ ಪರೀಕ್ಷೆ ಪಾಸಾಗುತ್ತದೆ ಎಂದು ನಂಬುವುದು ಭಕ್ತಿಯ ಮಾತಾದೀತು, ಲೆಕ್ಕದ ಮಾತಲ್ಲ. ಅನುಮಾನ ಇದ್ದರೆ ಎಚ್‌ಟುಎಸ್ ಬಾಟಲಿ (ನೀರಿನಲ್ಲಿ ಇಂಥ ಮಲಿನತೆ ಇದೆಯೇ ಎಂದು ತೋರಿಸುವ ಪರೀಕ್ಷಾ ಬಾಟಲಿ) ತನ್ನಿ. ಗುರುತಿನ ತನಕ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ಕಪ್ಪಾದರೆ ಮಲಿನ.

ಪರಿಹಾರವೇನೋ ಸುಲಭ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಇಲ್ಲವೇ ಕ್ಲೋರಿನ್ ಮಾತ್ರೆ: ಆಶಾ ಕಾರ್ಯಕರ್ತೆಯರು ಕೊಡುವ ಅರ್ಧ ಗ್ರಾಮಿನ ಮಾತ್ರೆಯಾದರೆ 20 ಲೀಟರ್ ಕ್ಯಾನಿಗೆ ಒಂದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಬೇರೆ ಅಳತೆಯ ಮಾತ್ರೆಯಾದರೆ ಪೊಟ್ಟಣದ ಮೇಲಿನ ಲೆಕ್ಕ ನೋಡಿ. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಮಣ್ಣೇ ಕ್ಲೋರಿನ್ ತಿಂದುಬಿಡುತ್ತದೆ. ಕುದಿಸುವುದನ್ನೇ ಎಲ್ಲಕ್ಕೂ ಮದ್ದು ಅಂದುಕೊಳ್ಳಬೇಡಿ. ಊರಿನ ಬೋರ್‌ವೆಲ್ಲಿನ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ.

ತುಂಬುವ ಬಗೆ. ನೀರು ಹೊರಬೀಳುವ ಬಾಯಿಯಿಂದಲೇ ಹಿಡಿಯಬೇಕು, ಕೆಳಗೆ ನಿಂತ ನೀರಿನಿಂದ ಬೇಡ. ಅಲ್ಲಿ ಕಾಲು ತೊಳೆದಿರುತ್ತಾರೆ, ಕುಂಕುಮ, ದೀಪದ ಎಣ್ಣೆ, ಶಾಂಪೂ ಚೀಟಿ ಎಲ್ಲ ಬಿದ್ದಿರುತ್ತದೆ. ಕ್ಯಾನನ್ನು ಮನೆಯಲ್ಲೇ ತೊಳೆದು ತಂದು, ಸೆಲೆಯ ನೀರಲ್ಲಿ ಮೂರು ಸಲ ಗಲಬರಿಸಿ ಆ ನೀರನ್ನು ದೂರ ಚೆಲ್ಲಿ. ಮಗ್ ಅದ್ದಬೇಡಿ, ಸಣ್ಣ ಪೈಪು, ಲಾಳಿಕೆ ಜೊತೆಗಿರಲಿ. ಮುಚ್ಚಳವನ್ನು ನೆಲದ ಮೇಲೆ ಇಡದೆ ಕೈಯಲ್ಲೇ ಹಿಡಿದಿರಿ. 20 ಲೀಟರ್ ಅಂದರೆ 20 ಕೆಜಿ, ಗಾಡಿಯ ತನಕ ಹೊರಬೇಕು. ಹಾಗಾಗಿ 10 ಲೀಟರಿನ ಎರಡು ಕ್ಯಾನ್ ಮೇಲು: ಎರಡೂ ಕೈಗೆ ಸಮಭಾರ, ಬೈಕಿನ ಎರಡೂ ಬದಿಗೆ ಕಟ್ಟಲಿಕ್ಕೂ ಬರುತ್ತದೆ.

ಎಷ್ಟು ಹೊತ್ತು ಬೇಕು ಅನ್ನುವುದನ್ನು ಹೋದ ತಕ್ಷಣ ಅಳೆದುಕೊಳ್ಳಿ. ಒಂದು ಲೀಟರಿನ ಬಾಟಲಿ ಹಿಡಿದು ಫೋನಿನಲ್ಲಿ ಸೆಕೆಂಡ್ ಎಣಿಸಿ. 10 ಸೆಕೆಂಡಿಗೆ ತುಂಬಿದರೆ 20 ಲೀಟರಿಗೆ ಮೂರು ನಿಮಿಷ ಚಿಲ್ಲರೆ. ಧಾರೆ ದಾರದಷ್ಟಾಗಿ 40 ಸೆಕೆಂಡ್ ಹಿಡಿದರೆ ಹದಿಮೂರು ನಿಮಿಷ ದಾಟುತ್ತದೆ. ಹಿಂದೆ ನಾಲ್ಕು ಜನ ಕೊಡ ಹಿಡಿದು ನಿಂತಿರುವಾಗ ಬೊಲೆರೊ ತುಂಬ ಕ್ಯಾನ್ ಇಳಿಸುವವರಿಗೆ ಏನು ಹೇಳುವುದೋ ಗೊತ್ತಾಗುವುದಿಲ್ಲ. ತಲೆಗೆ ಎರಡು ಕ್ಯಾನ್ ಸಾಕು.

ಕಾಲದ ಮಾತು ಬಂದರೆ ಸೆಪ್ಟೆಂಬರಿನಿಂದ ಡಿಸೆಂಬರ್ ಸರಿ. ಸಂಡೂರಿಗೆ 1934ರಲ್ಲಿ ಬಂದಿದ್ದ ಗಾಂಧೀಜಿಯೂ ಸೆಪ್ಟೆಂಬರಿನ ಸಂಡೂರು ನೋಡಬೇಕು ಎಂದಿದ್ದರಂತೆ. ನೀರಿನ ಮಟ್ಟಿಗಂತೂ ಆ ಮಾತು ಒಪ್ಪಬಹುದು. ಇಂಗಿದ ಮಳೆ ಸೆಲೆಗೆ ಇಳಿಯಲು ಕೆಲ ವಾರ ಬೇಕು, ಅಷ್ಟರಲ್ಲಿ ಕದಡಿದ್ದೂ ತಿಳಿಯಾಗಿರುತ್ತದೆ. ಜೂನಿನ ಮೊದಲ ಜೋರು ಮಳೆಯ ಮಾರನೆಯ ದಿನ ಮಾತ್ರ ಬೇಡವೇ ಬೇಡ. ಬೇಸಿಗೆಯಿಡೀ ಗುಡ್ಡದ ಮೇಲೆ ಬಿದ್ದ ಸಗಣಿ, ಕಸ, ಎಲೆಯ ಕೊಳೆ ಎಲ್ಲ ಆಗಲೇ ತೊಳೆದು ಇಳಿಯುತ್ತದೆ. ಶ್ರಾವಣ ಸೋಮವಾರ ದರ್ಶನಕ್ಕೆ ಸೈ, ಕ್ಯಾನಿಗಲ್ಲ.

ತಂದ ನೀರನ್ನು ಬಿಸಿಲಿಗೆ ಇಡಬೇಡಿ. ಬೆಳಕು ಹಾಯುವ ಕ್ಯಾನಿನಲ್ಲಿ ಕೆಲವೇ ದಿನಕ್ಕೆ ಗೋಡೆಗೆ ಹಸಿರು ಪಾಚಿ ಹಿಡಿಯುತ್ತದೆ, ಆಮೇಲೆ ಕ್ಯಾನ್ ತೊಳೆಯುವುದೇ ಒಂದು ಕೆಲಸ. ಗೋಣಿಚೀಲ ಸುತ್ತಿ ನೆರಳಲ್ಲಿಟ್ಟು, ಮೂರ್ನಾಲ್ಕು ದಿನದೊಳಗೆ ಮುಗಿಸಿ.

ನೀರಿಗೆ ಐದಕ್ಕೆ ನಾಲ್ಕು, ಸುತ್ತಲಿನ ಸ್ವಚ್ಛತೆಗೆ ಎರಡು. ಉಳಿದ ಮೂರನ್ನು ಕಳೆದಿರುವುದು ನಾವೇ. ಮಂಗಗಳ ಎದುರು ಬಾಳೆಹಣ್ಣಿನ ಚೀಲ ಬಿಚ್ಚಬೇಡಿ. ವಾಪಸಾಗುವಾಗ ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಕೆಂಪು ಧೂಳು ಕ್ಯಾನಿನ ಬಾಯಿಗೂ ಕೂರುತ್ತದೆ, ಮನೆಗೆ ಬಂದ ಮೇಲೆ ಮುಚ್ಚಳ ತೆಗೆಯುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ.